ಹಳೆಯ ಇಂಪಾಲಾ ಕಾರೂ ನಮ್ಮ ದುಡಿಮೆಯ ಲೆಕ್ಕವೂ

(ಸೌಕಾರ್‌ಪೇಟೆಯಲ್ಲಿ ಸೇರಿದ್ದ ಸಂಘದ ಸದಸ್ಯರ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಮಾಡಿದ ಭಾಷಣ)



ಹೋದ ತಿಂಗಳು ನಾವು ನಾಲ್ವರು ಸೇರಿ ಒಂದು ಹಳೆಯ ಅಮೆರಿಕನ್ ಕಾರನ್ನು ಮಾರಿದೆವು. ಆ ಸುದ್ದಿ ಪೇಟೆಯಲ್ಲೆಲ್ಲ ಹಬ್ಬಿತು. "ಹೋಟೆಲಿನವರಿಗೆ ಲಾಟರಿ ಹೊಡೆಯಿತು" ಎಂದರು ಕೆಲವರು. "ಕೈಗೆ ಬಂದ ಐದು ಲಕ್ಷವನ್ನು ಬಿಟ್ಟುಕೊಟ್ಟ ದಡ್ಡರು" ಎಂದರು ಇನ್ನು ಕೆಲವರು. ಎರಡು ಮಾತೂ ನನ್ನ ಕಿವಿಗೆ ಬಿತ್ತು. ನಮ್ಮ ಕಾರ್ಯದರ್ಶಿಗಳು, "ಗಾಳಿಮಾತು ಬೇಡ, ನೀವೇ ಸಭೆಯಲ್ಲಿ ನಿಂತು ಹೇಳಿಬಿಡಿ" ಎಂದು ಅಪ್ಪಣೆ ಮಾಡಿದರು. ಆದುದರಿಂದ ತಮ್ಮ ಮುಂದೆ ನಿಂತಿದ್ದೇನೆ. ನಾನು ಭಾಷಣಕಾರನಲ್ಲ. ಸ್ಪ್ಯಾನರು ಹಿಡಿದ ಕೈ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

"ನಮ್ಮಲ್ಲಿ ಕಾರು ಯಾರಿಗಿದೆ? ಈ ಮಾತು ನಮಗೇಕೆ?" ಎಂದು ತಾವು ಕೇಳಬಹುದು. ಕಾರು ಇಲ್ಲದಿರಬಹುದು. ಆದರೆ ನಮ್ಮಲ್ಲಿ ಪ್ರತಿಯೊಬ್ಬನೂ ಒಂದಲ್ಲ ಒಂದು ದಿನ ತನ್ನ ಕೈಯಾರೆ ಸರಿಪಡಿಸಿದ ವಸ್ತುವನ್ನು ಮಾರುತ್ತಾನೆ. ಅದು ಹಳೆಯ ಸ್ಕೂಟರಿರಬಹುದು, ಹೊಲಿಗೆ ಯಂತ್ರವಿರಬಹುದು, ಹಿಟ್ಟು ರುಬ್ಬುವ ಗ್ರೈಂಡರಿರಬಹುದು. ಮಾರುವಾಗ ತನ್ನ ದುಡಿಮೆಗೆ ಎಷ್ಟು ಬೆಲೆ ಕಟ್ಟಬೇಕು, ಎಷ್ಟು ನಿಜ ಹೇಳಬೇಕು ಎಂಬ ಪ್ರಶ್ನೆ ಎಲ್ಲರಿಗೂ ಒಂದೇ.

ನಾನು ಕುಂದಾಪುರದ ಕಡೆಯವನು. ೧೯೭೭ರಲ್ಲಿ ಹದಿನಾರು ವರ್ಷದ ಹುಡುಗನಾಗಿ ಒಂದು ತಗಡಿನ ಟ್ರಂಕು ಹಿಡಿದು ಸೆಂಟ್ರಲ್ ಸ್ಟೇಷನ್ನಿನಲ್ಲಿ ಇಳಿದೆ. ಕೆಥೀಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ ಕೆಲಸ ಸಿಕ್ಕಿತು. ನಮ್ಮ ಜಿಲ್ಲೆಯವರೇ ಆದ ಕೆ. ಕೃಷ್ಣರಾಯರು ೧೯೬೨ರಲ್ಲಿ ತೆರೆದ ಹೋಟೆಲು ಅದು. ೨೦೦೮ರಲ್ಲಿ ಮುಚ್ಚಿತು. ಈಗ ಆ ಜಾಗದಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ. ಅಲ್ಲಿ ಗಿರಾಕಿ ಕಾರಿನಿಂದ ಇಳಿಯಬೇಕಾಗಿರಲಿಲ್ಲ. ಮರದ ನೆರಳಲ್ಲಿ ಕಾರು ನಿಲ್ಲಿಸಿದರೆ ನಾವೇ ದೋಸೆ, ಕಾಫಿಯ ತಟ್ಟೆಯನ್ನು ಕಿಟಕಿಗೆ ಒಯ್ಯುತ್ತಿದ್ದೆವು. ಒಂದು ಸಂಜೆ ಹಡಗಿನಂಥ ಒಂದು ಕಾರು ಬಂದು ನಿಂತಿತು. ಹಿಂದೆ ಎಡಕ್ಕೆ ಮೂರು, ಬಲಕ್ಕೆ ಮೂರು, ಹೀಗೆ ಆರು ಗುಂಡು ಕೆಂಪು ದೀಪಗಳು. ನಾನು ಅಭ್ಯಾಸದಂತೆ ಬಲಗಡೆ ಕಿಟಕಿಗೆ ತಟ್ಟೆ ಹಿಡಿದು ನಿಂತೆ. ಒಳಗಿದ್ದವರೆಲ್ಲ ನಕ್ಕರು. ಅಮೆರಿಕದ ಕಾರು, ಚಾಲಕ ಎಡಗಡೆ ಕೂತಿದ್ದ. ಷೆವರ್ಲೆ ಇಂಪಾಲಾ ಎಂದು ಯಾರೋ ಹೇಳಿದರು. ಅಂದು ಆ ಕಾರನ್ನು ಹೊರಗಿನಿಂದ ನೋಡಿದವನು, ಮೂರು ವರ್ಷದ ಮೇಲೆ ಹೋಟೆಲು ಬಿಟ್ಟು ಪುದುಪೇಟೆಯ ರಿಪೇರಿ ಷೆಡ್ಡು ಸೇರಿದೆ.

ಈ ಕಾರುಗಳ ಪೂರ್ವೋತ್ತರವನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ೧೯೬೦ರ ದಶಕದಲ್ಲಿ ಪೆಟ್ರೋಲು ಅಗ್ಗವಾಗಿತ್ತು, ರಸ್ತೆ ಅಗಲವಾಗಿತ್ತು. ಸಾಧಾರಣ ಕಾರಿಗೆ ಅತಿ ದೊಡ್ಡ ಎಂಟು ಸಿಲಿಂಡರಿನ ಎಂಜಿನ್ ಕೂಡಿಸಿ ಹುಡುಗರಿಗೆ ಮಾರುವ ವಾಡಿಕೆ ಬಂತು. ೧೯೬೪ರ ಪಾಂಟಿಯಾಕ್ ಜಿ.ಟಿ.ಓ. ಆ ವರ್ಗಕ್ಕೆ ಹೆಸರು ತಂದಿತು. ಅಂಥವನ್ನು ಮಸಲ್ ಕಾರು, ಅಂದರೆ ತೋಳ್ಬಲದ ಕಾರು, ಎಂದು ಕರೆದರು. ಇಂಪಾಲಾ ಅದಕ್ಕೆ ದೊಡ್ಡಣ್ಣನಿದ್ದಂತೆ. ೧೯೬೧ರಲ್ಲಿಯೇ ಅದರಲ್ಲಿ 'ಸೂಪರ್ ಸ್ಪೋರ್ಟ್' ಎಂಬ ಬಲಿಷ್ಠ ಮಾದರಿ ಬಂದಿತ್ತು. ೧೯೬೫ರ ಇಂಪಾಲಾ ಅಮೆರಿಕದಲ್ಲಿ ಒಂದೇ ವರ್ಷಕ್ಕೆ ಹತ್ತು ಲಕ್ಷಕ್ಕೂ ಮೇಲೆ ಮಾರಾಟವಾಯಿತು. ಆಮದಿಗೆ ಬಿಗಿ ಕಟ್ಟಿದ್ದ ನಮ್ಮ ದೇಶಕ್ಕೆ ಬಂದವು ಬೆರಳೆಣಿಕೆ. ರಾಯಭಾರ ಕಚೇರಿಗಳವರು ತಂದು ಬಳಸಿ ಬಿಟ್ಟವು, ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ನಿನ ಮೂಲಕ ಧನಿಕರ ಮನೆ ಸೇರಿದವು.

೧೯೭೩ರ ಕೊನೆಗೆ ಅರಬ್ ದೇಶಗಳು ತೈಲವನ್ನು ಬಿಗಿಹಿಡಿದವು. ಕೆಲವೇ ತಿಂಗಳಲ್ಲಿ ಕಚ್ಚಾತೈಲದ ಬೆಲೆ ಸುಮಾರು ನಾಲ್ಕರಷ್ಟಾಯಿತು. ಅಮೆರಿಕದಲ್ಲಿ ತೋಳ್ಬಲದ ಕಾರುಗಳ ಕಾಲ ಮುಗಿಯಿತು. ನಮ್ಮಲ್ಲಿ ಏನಾಯಿತು ಗೊತ್ತೆ? ದೊಡ್ಡ ಕಾರಿನ ಪೆಟ್ರೋಲ್ ಎಂಜಿನ್ ಕಿತ್ತು ಹಾಕಿ ಡೀಸೆಲ್ ಎಂಜಿನ್ ಇಟ್ಟರು. ನಮ್ಮ ಮದರಾಸಿನಲ್ಲೇ ಸಿಂಪ್ಸನ್ ಕಂಪನಿಯವರು ತಯಾರಿಸುತ್ತಿದ್ದ ಪರ್ಕಿನ್ಸ್ ಎಂಜಿನ್ ಎಷ್ಟೋ ಅಮೆರಿಕನ್ ಕಾರುಗಳ ಹೊಟ್ಟೆ ಸೇರಿತು. ಆನೆಗೆ ಎತ್ತಿನ ಗುಂಡಿಗೆ ಕಟ್ಟಿದಂತೆ.

ಅಂಥ ಒಂದು ಇಂಪಾಲಾ, ಎರಡು ಬಾಗಿಲಿನ ೧೯೬೫ರ ಮಾದರಿ, ವಾಲ್‌ಟ್ಯಾಕ್ಸ್ ರಸ್ತೆಯ ಹತ್ತಿರದ ಒಂದು ಗೋದಾಮಿನಲ್ಲಿ ಬಟ್ಟೆಯ ಬೇಲುಗಳ ಹಿಂದೆ ಬಿದ್ದಿತ್ತು. ಗೋದಾಮು ಕೆಡಹುವಾಗ ಗುಜರಿ ಬೆಲೆಗೆ ನಮಗೆ ಬಂತು. ಹದಿನೇಳು ಮುಕ್ಕಾಲು ಅಡಿ ಉದ್ದ, ಆರೂವರೆ ಅಡಿಗಿಂತ ಹೆಚ್ಚು ಅಗಲ. ಸೌಕಾರ್‌ಪೇಟೆಯ ಗಲ್ಲಿಯಿಂದ ಅದನ್ನು ಹೊರಗೆ ತರಲು ರಾತ್ರಿ ಎರಡು ಗಂಟೆಯವರೆಗೆ ಕಾಯಬೇಕಾಯಿತು. ಕೈಗಾಡಿಗಳನ್ನೂ ಹಸುಗಳನ್ನೂ ಸರಿಸುತ್ತ ತಳ್ಳಿದೆವು.

ಕೂಡಿದವರು ನಾಲ್ವರು. ನಾನು ಮೆಕ್ಯಾನಿಕ್. ಇನ್ನೊಬ್ಬರು ಪೆರಂಬೂರಿನ ಕಡೆಯ ಹಳೆಯ ಮಿಲ್ ಫಿಟ್ಟರು. ಅವರು ದುಡಿದ ಮಿಲ್ಲು ಮುಚ್ಚಿ ಎಷ್ಟೋ ವರ್ಷವಾಗಿತ್ತು, ಆದರೆ ಲೇತಿನ ಮುಂದೆ ನಿಂತರೆ ಅವರ ಕೈ ಇನ್ನೂ ಕೂದಲೆಳೆ ತಪ್ಪುತ್ತಿರಲಿಲ್ಲ. ಮೂರನೆಯವರು ತಗಡಿನ ಕೆಲಸದವರು. ನಾಲ್ಕನೆಯವರು ಮಿಂಟ್ ಬೀದಿಯ ಹೋಟೆಲಿನ ಕ್ಯಾಷಿಯರು. ಉಳಿಸಿಟ್ಟ ಹಣ ಹಾಕಿದರು, ಲೆಕ್ಕ ಬರೆದರು. ಇವರಲ್ಲದೆ ಇಬ್ಬರು ಹುಡುಗರು, ಹೋಟೆಲ್ ಕೆಲಸ ಮುಗಿಸಿ ಬಂದು ತುಕ್ಕು ಉಜ್ಜುತ್ತಿದ್ದರು. ಭಾನುವಾರಗಳು, ರಾತ್ರಿಗಳು, ಹೀಗೆ ಆರು ವರ್ಷ.

ಕಡಲ ಗಾಳಿಯ ಊರಿನಲ್ಲಿ ಕಬ್ಬಿಣದ ಗತಿ ತಮಗೆ ತಿಳಿದೇ ಇದೆ. ನೆಲದ ತಗಡು ಜರಡಿಯಾಗಿತ್ತು. ಅದನ್ನು ಪುಟ್ಟಿ ಮೆತ್ತಿ ಮುಚ್ಚಬಹುದಿತ್ತು. ಮುಚ್ಚಲಿಲ್ಲ, ಕತ್ತರಿಸಿ ಹೊಸ ತಗಡು ಬೆಸೆದೆವು. ಹಳೆಯ ಬ್ರೇಕ್ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಅದರ ಧೂಳನ್ನು ಬಾಯಿಂದ ಊದಿ ತೆಗೆಯುವ ಚಾಳಿ ನಮ್ಮ ಷೆಡ್ಡುಗಳಲ್ಲಿ ಇನ್ನೂ ಉಂಟು. ಆ ಧೂಳು ಶ್ವಾಸಕೋಶವನ್ನು ತಿನ್ನುತ್ತದೆ. ಒದ್ದೆ ಬಟ್ಟೆಯಿಂದ ಒರೆಸಬೇಕು, ಮೂಗಿಗೆ ಸರಿಯಾದ ಮುಸುಕು ಕಟ್ಟಬೇಕು. ಯುವಕ ಮಿತ್ರರು ಇದನ್ನು ಮರೆಯಬಾರದು. ಇನ್ನು, ಈ ಎಂಜಿನ್ನುಗಳು ಸೀಸ ಬೆರೆತ ಪೆಟ್ರೋಲಿಗಾಗಿ ಹುಟ್ಟಿದವು. ನಮ್ಮ ದೇಶದಲ್ಲಿ ೨೦೦೦ನೆಯ ಇಸವಿಯಲ್ಲಿ ಸೀಸದ ಪೆಟ್ರೋಲು ನಿಂತಿತು. ಸೀಸವಿಲ್ಲದೆ ಹಳೆಯ ವಾಲ್ವಿನ ಪೀಠ ಸವೆಯುತ್ತದೆ. ಆದುದರಿಂದ ಗಟ್ಟಿ ಉಕ್ಕಿನ ಪೀಠಗಳನ್ನು ಕೂಡಿಸಿದೆವು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆಸುತ್ತಾರೆ, ಅದು ಹಳೆಯ ರಬ್ಬರನ್ನು ಕೆಡಿಸುತ್ತದೆ. ಕೊಳವೆಗಳನ್ನೆಲ್ಲ ಬದಲಿಸಿದೆವು.

ಎಂಜಿನ್ನಿನ ವಿಷಯ ಮುಖ್ಯ. ಡೀಸೆಲನ್ನು ಇಳಿಸಿದೆವು. ಮುರಿದುಹಾಕಿದ ಇನ್ನೊಂದು ಷೆವರ್ಲೆಯಿಂದ ೨೮೩ ಘನ ಅಂಗುಲದ, ಅಂದರೆ ಸುಮಾರು ೪.೬ ಲೀಟರಿನ, ಎಂಟು ಸಿಲಿಂಡರಿನ ಎಂಜಿನ್ ಸಿಕ್ಕಿತು. ೧೯೬೫ರ ಇಂಪಾಲಾಕ್ಕೆ ಕಂಪನಿಯೇ ಕೂಡಿಸುತ್ತಿದ್ದ ಜಾತಿ ಅದೇ. ಜಾತಿ ಅದೇ ಆದರೂ ಈ ಕಾರಿನೊಡನೆ ಹುಟ್ಟಿದ ಎಂಜಿನ್ ಅದಲ್ಲ. ಈ ಮಾತನ್ನು ನೆನಪಿಡಿ, ಕಥೆಯೆಲ್ಲ ಇದರ ಮೇಲೆ ನಿಂತಿದೆ. ಎಂಜಿನ್ ಬದಲಾದದ್ದನ್ನು ಸಾರಿಗೆ ಕಚೇರಿಗೆ ತಿಳಿಸಿ, ಹೊಸ ನಂಬರನ್ನು ನೋಂದಣಿ ಪುಸ್ತಕದಲ್ಲಿ ಬರೆಸಿದೆವು.

ಚಾಲಕನ ಬಾಗಿಲಿನ ಕಂಬದಲ್ಲಿ ಒಂದು ಸಣ್ಣ ಲೋಹದ ಪಟ್ಟಿ ಇತ್ತು. ಬಣ್ಣ ಕೆರೆದಾಗ ಅಂಕಿಗಳು ಕಂಡವು. ಅಮೆರಿಕದಿಂದ ತರಿಸಿದ ಬಿಡಿಭಾಗಗಳ ಪುಸ್ತಕ ಹಿಡಿದು ಓದಿದೆವು. ಮೊದಲ ಐದು ಅಂಕಿ ೧೬೪೩೭. ಅಂದರೆ ಷೆವರ್ಲೆ, ಇಂಪಾಲಾ, ಎಂಟು ಸಿಲಿಂಡರು, ಎರಡು ಬಾಗಿಲು. ಆ ವರ್ಷದ ಎಂಟು ಸಿಲಿಂಡರಿನ ಸೂಪರ್ ಸ್ಪೋರ್ಟ್ ಆಗಿದ್ದರೆ ೧೬೬ ಎಂದು ಆರಂಭವಾಗಬೇಕಿತ್ತು. ಮುಂದೆ ೫, ಅಂದರೆ ೧೯೬೫. ಅದರ ಮುಂದೆ 'ಎಫ್' ಎಂಬ ಅಕ್ಷರ. ಅದು ಕಾರ್ಖಾನೆಯ ಗುರುತು: ಮಿಷಿಗನ್ ರಾಜ್ಯದ ಫ್ಲಿಂಟ್ ಎಂಬ ಊರು.

ಫ್ಲಿಂಟ್ ಎಂದೊಡನೆ ನಮ್ಮ ಮಿಲ್ ಫಿಟ್ಟರು ಎದ್ದು ಕೂತರು. ಅವರ ಹಳೆಯ ಸಂಘದ ತರಗತಿಯಲ್ಲಿ ಆ ಊರಿನ ಹೆಸರು ಕೇಳಿದ್ದರಂತೆ. ೧೯೩೬ರ ಡಿಸೆಂಬರ್ ೩೦ರಂದು ಫ್ಲಿಂಟಿನ ಜನರಲ್ ಮೋಟಾರ್ಸ್ ಕಾರ್ಮಿಕರು ಯಂತ್ರಗಳನ್ನು ನಿಲ್ಲಿಸಿ ಕಾರ್ಖಾನೆಯೊಳಗೇ ಕೂತುಬಿಟ್ಟರು. ಕೊರೆಯುವ ಚಳಿಯಲ್ಲಿ ೪೪ ದಿನ ಕೂತರು. ಹೊರಗೆ ಹೆಂಗಸರು ಕಾವಲು ನಿಂತರು. ಸಂಘದ ಅಡಿಗೆಮನೆ ದಿನವೂ ಸಾವಿರಾರು ಜನಕ್ಕೆ ಊಟ ಕಳುಹಿಸಿತು. ಹೋಟೆಲ್ ಬಂಧುಗಳೇ, ಅಡಿಗೆಯವರಿಲ್ಲದೆ ಆ ಹೋರಾಟ ೪೪ ದಿನವಲ್ಲ, ನಾಲ್ಕು ದಿನವೂ ನಡೆಯುತ್ತಿರಲಿಲ್ಲ. ೧೯೩೭ರ ಫೆಬ್ರವರಿ ೧೧ರಂದು ಕಂಪನಿ ಅವರ ಸಂಘವನ್ನು ಒಪ್ಪಿಕೊಂಡಿತು. ಅದಕ್ಕೆ ಸುಮಾರು ಹತ್ತೊಂಬತ್ತು ವರ್ಷ ಮೊದಲೇ, ೧೯೧೮ರಲ್ಲಿ, ನಮ್ಮ ಪೆರಂಬೂರಿನ ಮಿಲ್ ಕಾರ್ಮಿಕರು ಬಿ. ಪಿ. ವಾಡಿಯಾ ಅವರ ಅಧ್ಯಕ್ಷತೆಯಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದ್ದರು. ಅಂದಿನಿಂದ ಆ ಕಾರು ನಮಗೆ ಸಾಹುಕಾರರ ಆಟಿಕೆಯಾಗಿ ಕಾಣಲಿಲ್ಲ. ನಮ್ಮಂಥವರು ಕಟ್ಟಿದ್ದು, ನಮ್ಮಂಥವರು ಮತ್ತೆ ಕಟ್ಟುತ್ತಿರುವುದು ಎಂದು ಕಂಡಿತು.

ಕ್ಯಾಷಿಯರು ಮೊದಲ ದಿನವೇ ಒಂದು ಪುಸ್ತಕ ತೆರೆದಿದ್ದರು. ಯಾರು ಯಾವ ದಿನ ಎಷ್ಟು ಗಂಟೆ ದುಡಿದರು, ಯಾವ ಸಾಮಾನಿಗೆ ಎಷ್ಟು ಕೊಟ್ಟೆವು, ಎಲ್ಲವೂ ಅದರಲ್ಲಿ. ನನಗೆ ಆಗ ಬೇಸರವಾಗುತ್ತಿತ್ತು. "ಸ್ನೇಹಿತರೊಳಗೆ ಲೆಕ್ಕವೇಕೆ?" ಎನ್ನುತ್ತಿದ್ದೆ. ಅವರು, "ಸ್ನೇಹ ಉಳಿಯಬೇಕಾದರೆ ಲೆಕ್ಕ ಬೇಕು" ಎಂದರು. ಅವರ ಮಾತೇ ಸರಿಯಾಯಿತು.

ಕಾರು ಸಿದ್ಧವಾಯಿತು. ದಲ್ಲಾಳಿ ಬಂದರು. ಸುತ್ತಲೂ ನೋಡಿ, ತಟ್ಟಿ, ಎಂಜಿನ್ ಕೇಳಿ, ತಲೆದೂಗಿದರು. "೨೭ ಲಕ್ಷಕ್ಕೆ ಗಿರಾಕಿ ಇದ್ದಾನೆ" ಎಂದರು. ನಮ್ಮ ಎದೆ ನಿಂತುಹೋಯಿತು. ಅನಂತರ ಮೆಲ್ಲಗೆ, "ಎರಡೇ ಸಣ್ಣ ಕೆಲಸ" ಎಂದರು. ಒಂದು: ಹಿಂದೆಯೂ ಪಕ್ಕದಲ್ಲೂ 'ಎಸ್ ಎಸ್' ಎಂಬ ಅಕ್ಷರಗಳನ್ನು ಅಂಟಿಸುವುದು, ಪೆಟ್ಟಿಗೆಯಲ್ಲಿ ಹೊಸ ಅಕ್ಷರಗಳನ್ನೇ ತಂದಿದ್ದರು. ಎರಡು: ಎಂಜಿನ್ ಕಾರಿನೊಡನೆ ಬಂದದ್ದೇ ಎಂದು ಬರೆದುಕೊಡುವುದು, ಬೇಕಾದರೆ ನಂಬರನ್ನು ಉಜ್ಜಿ ಬೇರೆ ಹೊಡೆಯುವುದು. ಸುಮ್ಮನೆ ಇದ್ದದ್ದನ್ನು ಇದ್ದಂತೆ ಮಾರಿದರೆ ೨೨ ಲಕ್ಷ, ಅದಕ್ಕಿಂತ ಮೇಲಿಲ್ಲ.

ಬಂಧುಗಳೇ, ನಾವು ಆ ಕ್ಷಣವೇ "ಬೇಡ" ಎಂದೆವು ಎಂದು ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಆ ರಾತ್ರಿ ನಮ್ಮೊಳಗೆ ಜಗಳವಾಯಿತು. ತಗಡಿನ ಕೆಲಸದವರಿಗೆ ಮಗಳ ಮದುವೆ ಹತ್ತಿರ ಬಂದಿತ್ತು. "ಕೊಳ್ಳುವವನು ಕೋಟ್ಯಧೀಶ. ಐದು ಲಕ್ಷ ಅವನಿಗೆ ಒಂದು ಊಟದ ಖರ್ಚು. ನಮಗೆ ಅದು ಜೀವನ. ಅಂಟಿಸಿದ ಅಕ್ಷರದಿಂದ ಯಾರು ಸಾಯುತ್ತಾರೆ?" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ನಿಜವಾಗಿ ಹೇಳುತ್ತೇನೆ, ಅಂದು ಕೈ ಎತ್ತಿ ಎಂದಿದ್ದರೆ ನನ್ನ ಕೈಯೂ ಅವರ ಕಡೆಗೇ ಏಳುತ್ತಿತ್ತೋ ಏನೋ.

ಉತ್ತರ ಕೊಟ್ಟದ್ದು ಪುಸ್ತಕ. ಕ್ಯಾಷಿಯರು ಅದನ್ನು ತೆರೆದು ಓದಿದರು. ನಾನು ೧,೪೦೦ ಗಂಟೆ, ತಗಡಿನವರು ೧,೨೫೦, ಫಿಟ್ಟರು ೧,೦೫೦, ಹುಡುಗರು ಇಬ್ಬರೂ ಸೇರಿ ೩೦೦, ತಾವು ೨೦೦. ಒಟ್ಟು ೪,೨೦೦ ಗಂಟೆ. ಸಾಮಾನು, ಬಣ್ಣ, ಕಾಗದಪತ್ರ ಎಲ್ಲಕ್ಕೂ ಆದ ಖರ್ಚು ೯,೪೦,೦೦೦ ರೂಪಾಯಿ. ೨೨ ಲಕ್ಷಕ್ಕೆ ಮಾರಿದರೆ ಉಳಿಯುವುದು ೧೨,೬೦,೦೦೦. ಗಂಟೆಗೆ ಸರಿಯಾಗಿ ೩೦೦ ರೂಪಾಯಿ. "ಇದು ನಾವು ದುಡಿದ ಕೂಲಿ" ಎಂದರು. "ಇನ್ನು ಸುಳ್ಳಿನ ಐದು ಲಕ್ಷವನ್ನು ಅದೇ ಗಂಟೆಗಳಿಗೆ ಹಂಚಿದರೆ ಗಂಟೆಗೆ ಸುಮಾರು ೧೧೯ ರೂಪಾಯಿ. ಆ ೧೧೯ ರೂಪಾಯಿಗೆ ಉಳಿದ ೩೦೦ನ್ನೂ ಸುಳ್ಳು ಮಾಡಿಕೊಳ್ಳಬೇಕೆ?"

ಆಮೇಲೆ ಫಿಟ್ಟರು ಬಾಯಿ ಬಿಟ್ಟರು. "ಬಾಗಿಲ ಕಂಬದ ಪಟ್ಟಿ ಏನು ಹೇಳುತ್ತದೆ ಎಂದು ತಿಳಿದವನು ಒಬ್ಬನಾದರೂ ಬಂದೇ ಬರುತ್ತಾನೆ. ೧೬೪ ಎಂದು ಓದುತ್ತಾನೆ, 'ಎಸ್ ಎಸ್' ನೋಡುತ್ತಾನೆ. ಆಗ ಅವನು ಆ ಎರಡು ಅಕ್ಷರವನ್ನಷ್ಟೇ ಅಲ್ಲ, ನೆಲದ ತಗಡನ್ನೂ ನಂಬುವುದಿಲ್ಲ, ನಾನು ಕಡೆದ ಬುಷನ್ನೂ ನಂಬುವುದಿಲ್ಲ. ನನ್ನ ಕೆಲಸವೆಲ್ಲ ಕಳ್ಳಮಾಲಾಗುತ್ತದೆ. ಮಿಲ್ಲು ನನ್ನ ಕೆಲಸವನ್ನು ಒಮ್ಮೆ ಕಿತ್ತುಕೊಂಡಿತು. ನಾನೇ ಎರಡನೆಯ ಸಲ ಕೊಡಲಾರೆ." ಅಷ್ಟು ಹೇಳಿ ಸುಮ್ಮನಾದರು. ತಗಡಿನವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ದಲ್ಲಾಳಿಯ ಅಕ್ಷರದ ಪೆಟ್ಟಿಗೆಯನ್ನು ಅವರೇ ಎತ್ತಿ ಬಾಗಿಲ ಹೊರಗೆ ಇಟ್ಟರು.

ಮಾರಾಟದ ಪತ್ರದಲ್ಲಿ ನಾವು ಹೀಗೆ ಬರೆದೆವು: ಎಂಜಿನ್ ಕಾರಿನೊಡನೆ ಹುಟ್ಟಿದ್ದಲ್ಲ, ಒಮ್ಮೆ ಡೀಸೆಲ್ ಇತ್ತು, ನೆಲದ ತಗಡು ಹೊಸದು, ವಾಲ್ವಿನ ಪೀಠ ಹೊಸದು, ಸೂಪರ್ ಸ್ಪೋರ್ಟ್ ಅಲ್ಲ. ಬೆಂಗಳೂರಿನಿಂದ ಬಂದವರೊಬ್ಬರು ಇದನ್ನೆಲ್ಲ ಓದಿ, ಪುಸ್ತಕವನ್ನೂ ತಿರುವಿ ನೋಡಿ, ೨೨ ಲಕ್ಷಕ್ಕೆ ಕೊಂಡರು. ಚೌಕಾಸಿ ಮಾಡಲಿಲ್ಲ. ಗಂಟೆಗಳ ಪುಸ್ತಕದ ಒಂದು ನಕಲನ್ನು ಮಾತ್ರ ಕೇಳಿ ಪಡೆದರು.

ಈಗ ಕಾಗದಪತ್ರದ ವಿಷಯ. ಸ್ಕೂಟರು ಮಾರುವವರೂ ಕಿವಿಗೊಡಬೇಕು. ನಮ್ಮಲ್ಲಿ ಎಷ್ಟೋ ಜನ ಹಣ ಎಣಿಸಿಕೊಂಡು, ಖಾಲಿ ಫಾರಂಗೆ ಸಹಿ ಹಾಕಿ, ಗಾಡಿ ಕೊಟ್ಟು ಮನೆಗೆ ಹೋಗುತ್ತಾರೆ. ಅಲ್ಲಿಗೆ ಮುಗಿಯಲಿಲ್ಲ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೦ನೆಯ ಕಲಮಿನ ಪ್ರಕಾರ, ಒಂದೇ ರಾಜ್ಯದೊಳಗೆ ಮಾರಿದರೆ ಮಾರಿದವನು ೧೪ ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ಅದಕ್ಕೆ ೨೯ನೆಯ ನಮೂನೆ, ಕೊಂಡವನ ಅರ್ಜಿಗೆ ೩೦ನೆಯ ನಮೂನೆ. ಬೇರೆ ರಾಜ್ಯಕ್ಕೆ ಹೋಗುವುದಾದರೆ ೨೮ನೆಯ ನಮೂನೆಯಲ್ಲಿ ನಿರಾಕ್ಷೇಪಣೆ ಪತ್ರ ಬೇಕು. ಪುಸ್ತಕದಲ್ಲಿ ನಿಮ್ಮ ಹೆಸರೇ ಉಳಿದು, ಆ ಗಾಡಿ ಎಲ್ಲೋ ಅಪಘಾತ ಮಾಡಿದರೆ, ಪರಿಹಾರದ ಹೊಣೆ ನಿಮ್ಮ ತಲೆಗೇ. ಗಾಡಿ ಹಲವು ಕೈ ಬದಲಾಗಿದ್ದರೂ ಪುಸ್ತಕದಲ್ಲಿ ಹೆಸರಿರುವವನೇ ಮಾಲೀಕನೆಂದು ಸುಪ್ರೀಂ ಕೋರ್ಟು ೨೦೧೮ರಲ್ಲಿ ತೀರ್ಪು ಕೊಟ್ಟಿದೆ. ಖಾಲಿ ಫಾರಂಗೆ ಎಂದೂ ಸಹಿ ಹಾಕಬೇಡಿ. ಹಣ ಬಂದ ವಾರವೇ ಹೆಸರು ಬದಲಾವಣೆಗೆ ಕೊಡಿ, ರಸೀತಿ ಇಟ್ಟುಕೊಳ್ಳಿ.

ಐವತ್ತು ವರ್ಷ ಮೀರಿದ ವಾಹನಗಳಿಗೆ ೨೦೨೧ರ ಜುಲೈಯಲ್ಲಿ ಕೇಂದ್ರ ಸರಕಾರ ಬೇರೆ ನಿಯಮ ಮಾಡಿದೆ. ಚಾಸಿ, ಮೈತಗಡು, ಎಂಜಿನ್ನುಗಳನ್ನು ವಿಶೇಷವಾಗಿ ಮಾರ್ಪಡಿಸಿರದ ಗಾಡಿಗೆ 'ವಿ ಎ' ಎಂಬ ಅಕ್ಷರದ ನಂಬರು, ಹತ್ತು ವರ್ಷದ ನೋಂದಣಿ, ೨೦,೦೦೦ ರೂಪಾಯಿ ಶುಲ್ಕ. ಪ್ರದರ್ಶನಕ್ಕೂ ರ‍್ಯಾಲಿಗೂ ಓಡಿಸಬಹುದು, ದಿನನಿತ್ಯಕ್ಕೂ ಬಾಡಿಗೆಗೂ ಕೂಡದು. ಮಾರಿದರೆ ಇಬ್ಬರೂ ೯೦ ದಿನದೊಳಗೆ ತಿಳಿಸಬೇಕು. ನಮ್ಮ ಕಾರು ಸಾಧಾರಣ ನೋಂದಣಿಯಲ್ಲೇ ಇತ್ತು, ಹಾಗೆಯೇ ಕೊಟ್ಟೆವು. ಎಂಜಿನ್ನಿನ ಚರಿತ್ರೆಯನ್ನು ಬರೆದೇ ಕೊಟ್ಟಿದ್ದರಿಂದ ಮುಂದಿನ ದಾರಿಯನ್ನು ಕೊಂಡವರು ತಾವೇ ವಿಚಾರಿಸಿಕೊಳ್ಳಬಹುದು.

ಕೊನೆಗೆ ಹಂಚಿಕೆ. ಇಲ್ಲಿ ಇನ್ನೊಂದು ಪರೀಕ್ಷೆ ಬಂತು. ಹುಡುಗರಿಗೆ ಏನು ಕೊಡಬೇಕು? "ತಿಂಡಿ, ಕಾಫಿ ಕೊಟ್ಟೆವಲ್ಲ, ಕೆಲಸ ಕಲಿತರಲ್ಲ, ಐದೈದು ಸಾವಿರ ಕೊಟ್ಟರಾಯಿತು" ಎಂದೆ. ಹೌದು ಬಂಧುಗಳೇ, ನಾನೇ ಎಂದೆ. ಹದಿನಾರನೆಯ ವಯಸ್ಸಿನಲ್ಲಿ ತಟ್ಟೆ ಹಿಡಿದು ತಪ್ಪು ಕಿಟಕಿಯಲ್ಲಿ ನಿಂತವನು ನಾನು. ಮುದುಕನಾದ ಮೇಲೆ ನನಗೇ ಯಜಮಾನನ ಬುದ್ಧಿ ಬಂದಿತ್ತು. ಕ್ಯಾಷಿಯರು ಮಾತಾಡದೆ ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿದರು. ಅದರಲ್ಲಿ ಗಂಟೆ ಎಂದಷ್ಟೇ ಬರೆದಿತ್ತು. ಹುಡುಗರ ಗಂಟೆ, ದೊಡ್ಡವರ ಗಂಟೆ ಎಂದು ಎರಡು ಪಟ್ಟಿ ಇರಲಿಲ್ಲ. ನಾನು ನಾಚಿದೆ. ಹುಡುಗರಿಗೆ ೯೦,೦೦೦, ತಲಾ ೪೫,೦೦೦. ಫಿಟ್ಟರಿಗೆ ೩,೧೫,೦೦೦. ತಗಡಿನವರಿಗೆ ೩,೭೫,೦೦೦. ಕ್ಯಾಷಿಯರಿಗೆ ಹಾಕಿದ ಹಣದ ಮೇಲೆ ೬೦,೦೦೦. ನನಗೆ ೪,೨೦,೦೦೦. ತಗಡಿನವರ ಮಗಳ ಮದುವೆ ಸಾಲವಿಲ್ಲದೆ ನಡೆಯಲಿಲ್ಲ. ನಾವು ಮೂವರು ಕೈಗಡ ಕೊಟ್ಟೆವು. ಹೀಗಿರುವುದನ್ನು ಮುಚ್ಚಿಡುವುದಿಲ್ಲ. ನಿಜಕ್ಕೆ ಖರ್ಚು ಉಂಟು.

ಲಾಟರಿ ಎಂದವರಿಗೆ ನನ್ನ ಉತ್ತರ: ೪,೨೦೦ ಗಂಟೆ. ದಡ್ಡರು ಎಂದವರಿಗೂ ಅದೇ ಉತ್ತರ. ನಾವು ದುಡಿಯುವವರು ನಮ್ಮ ಗಂಟೆಗಳನ್ನು ಬರೆದಿಡುವುದಿಲ್ಲ. ಬರೆದಿಡದ ದುಡಿಮೆಗೆ ಬೇರೆಯವರು ಬೆಲೆ ಕಟ್ಟುತ್ತಾರೆ. ಬರೆದಿಟ್ಟರೆ ಬೆಲೆಯನ್ನು ನಾವೇ ಹೇಳಬಹುದು, ಸುಳ್ಳಿನ ಹಂಗಿಲ್ಲದೆ ಹೇಳಬಹುದು. ಆದಕಾರಣ ನನ್ನದೊಂದು ವಿಜ್ಞಾಪನೆ. ನಾಳೆ ಒಂದು ನೋಟುಪುಸ್ತಕ ಕೊಳ್ಳಿ. ಹೋಟೆಲಿನಲ್ಲಿ ಹೆಚ್ಚಿಗೆ ನಿಂತ ಗಂಟೆಯನ್ನೂ, ಮನೆಯಲ್ಲಿ ಹೆಂಗಸರು ಹಪ್ಪಳ ಲಟ್ಟಿಸಿದ ಗಂಟೆಯನ್ನೂ ಅದರಲ್ಲಿ ಬರೆಯಿರಿ. ಹೇಗೆ ಬರೆಯಬೇಕೆಂದು ತಿಳಿಯದವರಿಗೆ ನಮ್ಮ ಕ್ಯಾಷಿಯರು ಪ್ರತಿ ಭಾನುವಾರ ಸಾಯಂಕಾಲ ಇಲ್ಲಿಯೇ ಕುಳಿತು ಹೇಳಿಕೊಡಲು ಒಪ್ಪಿದ್ದಾರೆ.

ಕಾರು ಹೋದ ದಿನ ಹುಡುಗರಿಬ್ಬರೂ ಬೀದಿಯ ತುದಿಯವರೆಗೆ ಅದರ ಹಿಂದೆ ನಡೆದರು. ಆರು ಕೆಂಪು ದೀಪಗಳು ತಿರುವಿನಲ್ಲಿ ಮರೆಯಾದವು. ತಿರುಗಿ ಬಂದ ಒಬ್ಬ ಹುಡುಗ, "ಮುಂದಿನದು ಯಾವುದು, ಮಾಮ?" ಎಂದ. ಪುದುಪೇಟೆಯಲ್ಲಿ ಒಂದು ಹಳೆಯ ಸ್ಟಾಂಡರ್ಡ್ ಹೆರಾಲ್ಡ್ ನೋಡಿಟ್ಟಿದ್ದೇವೆ. ಪುಸ್ತಕದಲ್ಲಿ ಹೊಸ ಪುಟ ತೆರೆದಾಗಿದೆ. ಮೊದಲ ಸಾಲಿನಲ್ಲಿ ಆ ಹುಡುಗನ ಹೆಸರಿದೆ.